ಬೈಲಹೊಂಗಲದ ಕೋರ್ಟಿಗೆ ಬಂದ ಹಡಗು

ಬೈಲಹೊಂಗಲದ ಕೋರ್ಟಿನಲ್ಲಿ ಒಂದು ಹಡಗನ್ನು ಸೋಲಿಸಿದವಳು ನಾನು. ಹೀಗೆ ಹೇಳಿಕೊಳ್ಳುವುದು ಬಡಾಯಿ ಎಂದು ನನ್ನ ಗಂಡನಿಗೆ ಅನಿಸುತ್ತದೆ. ಅನಿಸಲಿ. ಅವರೂ ಬಡಾಯಿಯನ್ನು ಸ್ವಲ್ಪ ಮೊದಲೇ ಕಲಿತಿದ್ದರೆ ನಾವು ಎರಡು ವರ್ಷ ಕೋರ್ಟಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುವ ಪ್ರಸಂಗ ಬರುತ್ತಿರಲಿಲ್ಲ.

ಸಮುದ್ರವನ್ನು ನಾನು ಇವತ್ತಿಗೂ ಕಂಡಿಲ್ಲ. ನನಗೆ ಗೊತ್ತಿರುವ ದೊಡ್ಡ ನೀರೆಂದರೆ ಗಂಡನ ಊರಾದ ಮನೋಳಿಯ ಮಲಪ್ರಭೆ. ಅದೂ ಅಣೆಕಟ್ಟಿನಿಂದ ನೀರು ಬಿಡದ ದಿನಗಳಲ್ಲಿ ಮೊಣಕಾಲು ಮಟ್ಟ. ನಾನು ಬ್ಲೌಸ್ ಹೊಲಿಯುವವಳು. ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿ ಎರಡು ಮಷಿನ್ ಹಾಕಿಕೊಂಡು ಕೂತು ಹದಿನೈದು ವರ್ಷ ಮೀರಿತು. ಕಿತ್ತೂರಿನಿಂದ, ಸಿರಸಂಗಿಯಿಂದಲೂ ಹೆಣ್ಣುಮಕ್ಕಳು ಬಸ್ಸು ಹತ್ತಿ ಬರುತ್ತಾರೆ. ಒಮ್ಮೆ ನನ್ನ ಕೈಯ ಬ್ಲೌಸ್ ತೊಟ್ಟವರು ಬೇರೆ ಕಡೆ ಹೋಗುವುದಿಲ್ಲ. ಇದೂ ಬಡಾಯಿಯೇ.

ಗಂಡ ಸರಕಿನ ಹಡಗುಗಳಲ್ಲಿ ಫಿಟ್ಟರ್. ಐಟಿಐ ಕಲಿತು, ಟ್ರ್ಯಾಕ್ಟರ್ ಟ್ರಾಲಿ ವೆಲ್ಡಿಂಗ್ ಮಾಡುತ್ತಿದ್ದವರು ಯಾರದೋ ಮಾತು ಕೇಳಿ ಮುಂಬೈಗೆ ಹೋದರು, ತರಬೇತಿ ಮುಗಿಸಿದರು, ಹಡಗು ಹತ್ತಿದರು. ಎಂಟೊಂಬತ್ತು ತಿಂಗಳು ನೀರಿನ ಮೇಲೆ, ಎರಡು ಮೂರು ತಿಂಗಳು ಮನೆಯಲ್ಲಿ. ಮನೋಳಿಯಲ್ಲಿ ನನ್ನ ಭಾವನ ಜೊತೆಗಿರುವ ಅತ್ತೆ ಮೊದಲು ಒಪ್ಪಿರಲಿಲ್ಲ. ಹೊಲ ಇದ್ದವರ ಮನೆಯ ಮಗನಿಗೆ ಹಡಗಿನ ಹೊಟ್ಟೆಯೊಳಗೆ ಏನು ಕೆಲಸ ಎಂಬುದು ಅವರ ಪ್ರಶ್ನೆ. ಕಡೆಗೆ ಮಗನ ಅಂಗೈಯನ್ನು ತಮ್ಮ ಅಂಗೈ ಮೇಲೆ ಇರಿಸಿಕೊಂಡು, ಎಲ್ಲಿದ್ದರೂ ಆರಾಮ ಇರುತ್ತೇನೆ ಎಂದು ಮಾತು ತೆಗೆದುಕೊಂಡ ಮೇಲೆ ಕಳಿಸಿದರು. ಆ ಮಾತನ್ನು ಮಗ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೆಂದರೆ, ಕೈ ಬಿಟ್ಟರೂ ಮಾತು ಬಿಡಲಿಲ್ಲ.

ನಮ್ಮ ಕಡೆಯ ರೀತಿ ಗೊತ್ತಿಲ್ಲದವರಿಗೆ ಇಲ್ಲೊಂದು ಸಂಗತಿ ಬಿಡಿಸಿ ಹೇಳಬೇಕು. ಇಲ್ಲಿ ಇಬ್ಬರು ಎದುರಾದರೆ ಮೊದಲ ಪ್ರಶ್ನೆ ‘ಆರಾಮ?’ ಎಂದು. ಅದಕ್ಕೆ ಉತ್ತರವೂ ಒಂದೇ, ‘ಆರಾಮ’. ಜ್ವರದಲ್ಲಿ ನಡುಗುತ್ತಿರುವವರೂ ಹಾಗೇ ಅನ್ನುತ್ತಾರೆ, ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಕೊಂಡು ಮಲಗಿದವರೂ ಹಾಗೇ ಅನ್ನುತ್ತಾರೆ. ಆಮೇಲೆ ಕೂತು, ಮಳೆ ಬೆಳೆ ಮಾತಾಡಿ, ಚಹಾ ಕುಡಿದು, ಬಂದವರು ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ ನಿಜ ಹೊರಗೆ ಬರುತ್ತದೆ. ಮೊದಲ ಮಾತಿಗೇ ಆರಾಮ ಇಲ್ಲ ಎಂದರೆ ಕೇಳಿದವರ ಮುಖಕ್ಕೆ ಹೊಡೆದ ಹಾಗೆ. ನಮಗೆ ಇದು ಸುಳ್ಳೆಂದು ಅನಿಸುವುದೇ ಇಲ್ಲ. ಚಹಾದ ತನಕ ಕಾಯಬೇಕು, ಅಷ್ಟೇ.

ಹಡಗಿನಲ್ಲಿ ಚಹಾದ ತನಕ ಕಾಯುವವರು ಯಾರು?

ಅವಘಡ ನಡೆದದ್ದು ಎಂಜಿನ್ ಕೋಣೆಯಲ್ಲಿ. ಪಂಪಿನ ಮುಚ್ಚಳವೊಂದನ್ನು ಸರಪಳಿ ರಾಟೆಯಿಂದ ಎತ್ತುತ್ತಿದ್ದಾಗ ಕೊಕ್ಕೆ ಜಾರಿ, ಆ ಕಬ್ಬಿಣ ಇವರ ಬಲ ಭುಜವನ್ನು ಹಿಂದಿನ ಪೈಪಿಗೆ ಒತ್ತಿ ಹಾಕಿತು. ಎಂಜಿನಿಯರ್ ಓಡಿ ಬಂದು ‘ಓಕೆ?’ ಎಂದರಂತೆ. ಇವರ ಬಾಯಿ ತಾನಾಗಿಯೇ ‘ಓಕೆ’ ಎಂದಿತಂತೆ. ಮುಗಿಯಿತು. ಅವಘಡಗಳನ್ನು ಬರೆಯುವ ಹಡಗಿನ ಪುಸ್ತಕದಲ್ಲಿ ಆ ದಿನದ ಹಾಳೆ ಖಾಲಿ ಉಳಿಯಿತು. ಅಲ್ಲಿಂದ ನಲವತ್ತು ದಿನ ಎಡಗೈಯಲ್ಲೇ ಪಾನಾ ಹಿಡಿದು ನಟ್ಟು ತಿರುಗಿಸುತ್ತ, ಔಷಧಿ ಪೆಟ್ಟಿಗೆಯ ಉಸ್ತುವಾರಿಯ ಅಧಿಕಾರಿಯ ಹತ್ತಿರ ದಿನಾ ಸಂಜೆ ನೋವಿನ ಗುಳಿಗೆ ಇಸಿದುಕೊಳ್ಳುತ್ತ ಕಾಲ ತಳ್ಳಿದರು. ಇಳಿಯುವ ದಿನ ಕಪ್ತಾನರು ಒಂದು ಕಾಗದ ಮುಂದಿಟ್ಟು, ಏನಾದರೂ ಗಾಯವೋ ಬೇನೆಯೋ ಇದೆಯೇ ಎಂದು ಕೇಳಿದರು. ಇಲ್ಲ, ಎಲ್ಲ ಓಕೆ ಎಂದು ಇವರು ಸಹಿ ಮಾಡಿದರು. ಆ ಸಹಿ ಮಾಡುವಾಗ ನೋವು ಕಿವಿಯ ತನಕ ಏರಿತ್ತು ಎಂದು ಆಮೇಲೆ ನನ್ನ ಮುಂದೆ ಹೇಳಿದರು. ಈ ಮಾತು ಕೇಳಿ ನನಗೆ ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. ಸಿಟ್ಟನ್ನೇ ಇಟ್ಟುಕೊಂಡೆ, ಅದು ಹೆಚ್ಚು ದಿನ ಬಾಳಿಕೆ ಬರುತ್ತದೆ.

ಅವರು ಮನೆಗೆ ಬಂದ ಮರುದಿನವೇ ನನ್ನ ಕೈಗೆ ಸಿಕ್ಕಿಬಿದ್ದರು. ಭಾವನ ಮಗಳ ನಿಶ್ಚಯಕ್ಕೆ ಹೊಸ ಅಂಗಿ ಹೊಲಿಯಬೇಕಿತ್ತು. ನಾನು ಗಂಡಸರ ಬಟ್ಟೆ ಹೊಲಿಯುವುದಿಲ್ಲ, ಇವರೊಬ್ಬರದ್ದು ಬಿಟ್ಟು. ಟೇಪು ಹಿಡಿದು ಕೈ ಎತ್ತಿರಿ ಎಂದೆ. ಹಾಗೇ ತೆಗೆದುಕೋ ಎಂದರು. ಬಲದ ತೋಳಿಗೆ ಸುತ್ತಿದರೆ ಟೇಪು ಸಡಿಲ. ಜಾರಿರಬೇಕೆಂದು ಮತ್ತೆ ಸುತ್ತಿದೆ. ಹಡಗು ಹತ್ತುವ ಮುನ್ನ ಹದಿನಾಲ್ಕು ಇಂಚು ಇದ್ದ ತೋಳು ಹದಿಮೂರಕ್ಕೂ ಕಾಲು ಇಂಚು ಕಡಿಮೆ. ಎಡಗೈ ಹದಿನಾಲ್ಕಕ್ಕೆ ಹದಿನಾಲ್ಕು. ಭುಜದ ಇಳಿಜಾರು ಬಲಕ್ಕೆ ಅರ್ಧ ಇಂಚು ಬಿದ್ದಿತ್ತು. ಅಳತೆಯ ಪುಸ್ತಕದಲ್ಲಿ ಬಲ ಇಷ್ಟು, ಎಡ ಇಷ್ಟು ಎಂದು ಬರೆದು, ಮೇಲೆ ತಾರೀಖು ಹಾಕಿ, ಎಂದಿನಂತೆ ಬಟ್ಟೆಯ ತುಣುಕೊಂದನ್ನು ಗುಂಡುಸೂಜಿಯಿಂದ ಹಾಳೆಗೆ ಚುಚ್ಚಿದೆ. ಯಾರ ಬಟ್ಟೆ ಯಾವುದೆಂದು ಅದಲುಬದಲಾಗದಿರಲಿ ಎಂದು ಮೊದಲಿಂದ ಬಂದ ರೂಢಿ ಅದು. ಆಮೇಲೆ ಪುಸ್ತಕ ಮುಚ್ಚಿ ಅವರ ಮುಖ ನೋಡಿದೆ.

“ಟೇಪ್ ಸುಳ್ಳ ಹೇಳೂದಿಲ್ಲ. ನೀವ ಹೇಳ್ತೀರೋ, ನಾ ನಿಮ್ಮ ಅವ್ವಗ ಫೋನ್ ಹಚ್ಚಲೋ?” ಎಂದೆ.

ಅವ್ವನ ಹೆಸರು ಬಂದದ್ದೇ ಮನುಷ್ಯ ಮೆತ್ತಗಾದರು. ಎಲ್ಲ ಹೇಳಿದರು. ಆದರೆ ಅವ್ವನಿಗೆ ಮಾತ್ರ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ಆ ಮನೆಯವರಿಗೆ ಮಾತು ತೆಗೆದುಕೊಳ್ಳುವ ಚಟ. ಭುಜಕ್ಕೆ ವಾಯು ಹಿಡಿದಿದೆ ಎಂದು ಅತ್ತೆಗೆ ಹೇಳಿದೆವು.

ಬೆಳಗಾವಿಯ ಡಾಕ್ಟರು ಭುಜದೊಳಗಿನ ಸ್ನಾಯು ಹರಿದಿದೆ ಎಂದರು. ಪೆಟ್ಟಾದ ಕೂಡಲೇ ತೋರಿಸಿದ್ದರೆ ಬೇರೆ ಮಾತಿತ್ತು ಎಂದೂ ಅಂದರು. ಶಸ್ತ್ರಕ್ರಿಯೆ ಆಯಿತು, ನೋವು ತಗ್ಗಿತು. ಆದರೆ ಬಲಗೈ ಭುಜದಿಂದ ಮೇಲೆ ಏಳದು, ಹಡಗಿನ ಎಂಜಿನ್ ಕೋಣೆಯ ಕೆಲಸ ಇನ್ನು ಇವರಿಂದ ಆಗದು ಎಂದು ಬರೆದುಕೊಟ್ಟರು. ಆ ಕಾಗದವನ್ನು ಹಡಗಿನ ಕಂಪನಿಗೆ ಕಳಿಸಿದೆವು. ಆರೋಗ್ಯವಾಗಿದ್ದೇನೆಂದು ನೀವೇ ಸಹಿ ಮಾಡಿ ಇಳಿದಿದ್ದೀರಿ, ಏನಾಗಿದ್ದರೂ ಊರಿನಲ್ಲಿ ಆಗಿರಬೇಕು ಎಂದು ಅವರು ಉತ್ತರ ಬರೆದರು. ಹೊಲದಲ್ಲಿ ಚೀಲ ಎತ್ತಿರಬಹುದು, ಬೈಕಿನಿಂದ ಬಿದ್ದಿರಬಹುದು. ಏನಾದರೂ ಕೇಳುವುದಿದ್ದರೆ ಮುಂಬೈಗೆ ಬನ್ನಿ.

ಗಂಡ ಆ ಕಾಗದವನ್ನು ನೀಟಾಗಿ ಮಡಚಿ, ಹೋಗಲಿ ಬಿಡು ಎಂದರು. ತಪ್ಪು ನಮ್ಮದೇ, ಸಹಿ ನಮ್ಮದೇ. ನನಗೆ ಮೈಯೆಲ್ಲ ಉರಿಯಿತು. ನೌಕರಿ ಹೋದದ್ದಕ್ಕಿಂತ, ಈ ಮನುಷ್ಯನ ಹನ್ನೊಂದು ವರ್ಷದ ದುಡಿತವನ್ನು ಬೈಕಿನಿಂದ ಬಿದ್ದವನ ಲೆಕ್ಕಕ್ಕೆ ತಂದಿಟ್ಟರಲ್ಲ, ಅದು ನನಗೆ ನುಂಗಲಾಗಲಿಲ್ಲ. ಭುಜ ಹಡಗಿನಲ್ಲಿ ಹರಿಯಿತು ಎಂದು ಯಾರಾದರೂ ದೊಡ್ಡವರು ಕಾಗದದ ಮೇಲೆ ಬರೆದು ಒಪ್ಪಿಕೊಳ್ಳಬೇಕು. ಅಷ್ಟಾಗುವ ತನಕ ನಾನು ಸುಮ್ಮನಿರುವುದಿಲ್ಲ ಎಂದು ಅವತ್ತೇ ಹೇಳಿದೆ.

ನಮ್ಮ ವಕೀಲರು ಟ್ರಾಲಿ ಅವಘಡಗಳ ವಕೀಲರು. ಕಬ್ಬಿನ ಗಾಡಿಯಡಿ ಸಿಕ್ಕ ಕಾಲು, ಕಾಳು ಒಕ್ಕುವ ರಾಶಿ ಮಷಿನ್‌ಗೆ ಹೋದ ಬೆರಳು, ಇಂಥವೇ ಅವರ ಕೈಯಲ್ಲಿ ಹಾದುಹೋದದ್ದು. ಅವರ ಹೆಂಡತಿಯ ಬ್ಲೌಸ್ ನಾನೇ ಹೊಲಿಯುತ್ತೇನೆ, ಆ ಸಲಿಗೆಯಿಂದ ಹೋದೆ. ಹಡಗು ಎಂದ ಕೂಡಲೇ ಅವರು ಕನ್ನಡಕ ತೆಗೆದರು. ಎದ್ದು ಕಪಾಟಿನಿಂದ ಒಂದು ತೆಳ್ಳನೆಯ ಪುಸ್ತಕ ಇಳಿಸಿದರು. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಕಾಯ್ದೆ. ಟ್ರಾಲಿಯವರಿಗೂ ಅದೇ ಪುಸ್ತಕ. ಹಾಳೆ ತಿರುವುತ್ತ ಒಂದು ಕಡೆ ಬೆರಳು ನಿಲ್ಲಿಸಿದರು.

“ಮೂವತ್ತ ವರ್ಷ ಈ ಹಾಳಿ ತಿರಿವಿ ಮುಂದ ಹೋಗೇನ್ರಿ. ಇವತ್ತ ಮೊದಲ್ನೇ ಸಲ ಓದಾಕ ಹತ್ತೇನಿ” ಎಂದರು.

ಅಲ್ಲಿ ಹಡಗಿನ ಕೆಲಸಗಾರರಿಗೆಂದೇ ಬರೆದ ಮಾತುಗಳಿದ್ದವು. ಗಾಯವೂ ಹಡಗಿನಲ್ಲೇ ಆಗಿ, ಕೈಲಾಗದಿರುವುದೂ ಹಡಗಿನಲ್ಲೇ ಶುರುವಾಗಿದ್ದರೆ, ನನಗೆ ಗಾಯವಾಯಿತೆಂದು ಕೆಲಸಗಾರ ಬೇರೆ ನೋಟಿಸು ಕೊಡಬೇಕಾಗಿಲ್ಲ. ಇನ್ನೊಂದು ಕಡೆ, ಗಾಯಗೊಂಡವನು ತಾನು ವಾಸವಿರುವ ಊರಿನಲ್ಲೇ ದಾವೆ ಹಾಕಬಹುದು ಎಂದಿತ್ತು. ನಾನು ಅದನ್ನು ಎರಡು ಸಲ ಓದಿಸಿದೆ. ಅಂದರೆ ನಾವು ಮುಂಬೈಗೆ ಹೋಗುವುದಿಲ್ಲ, ಹಡಗೇ ಬೈಲಹೊಂಗಲಕ್ಕೆ ಬರುತ್ತದೆ. ಆ ದಿನ ಮನೆಗೆ ನಡೆದು ಬರುವಾಗ ನನಗೆ ನೆಲ ಕಾಣುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ನಾನೇ ಆರಾಮ ಕೇಳುತ್ತ ಬಂದೆ.

ವಕೀಲರು ಒಂದು ಮಾತು ಎಚ್ಚರಿಸಿದ್ದರು. ಪುಸ್ತಕದಲ್ಲಿ ಎಷ್ಟು ಬರೆದಿದ್ದರೂ, ಗಾಯ ಹಡಗಿನಲ್ಲೇ ಆಯಿತು ಎಂದು ಕೋರ್ಟು ನಂಬಬೇಕು. ಅದಕ್ಕೆ ನಿಮ್ಮ ಗಂಡ ಕಟಕಟೆಯಲ್ಲಿ ನಿಂತು ತಮ್ಮ ಬಾಯಿಂದಲೇ ಹೇಳಬೇಕು. ಹೇಳುತ್ತಾರೆ ಎಂದೆ. ಹೆಂಡತಿಯಾದವಳು ಗಂಡನ ಪರವಾಗಿ ಕೊಡಬಾರದ ಭರವಸೆ ಯಾವುದಾದರೂ ಇದ್ದರೆ ಅದೇ.

ದಾವೆ ಹಾಕಿದೆವು. ಹೊಲದ ಬದುವಿನ ತಂಟೆ, ಪಾಲಿನ ತಂಟೆಗಳ ನಡುವೆ ಕಾರಕೂನರು ಹಡಗಿನ ಹೆಸರು ಕೂಗಿದಾಗ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು. ಹಡಗನ್ನು ಎಲ್ಲಿ ನಿಲ್ಲಿಸಿದಿರಿ, ಸಂತೆಯ ಬಯಲಿನಲ್ಲೋ ಎಂದು ಒಬ್ಬರು ನನ್ನನ್ನು ಕೇಳಿದರು. ಬಸ್ ಸ್ಟ್ಯಾಂಡಿನ ಹಿಂದೆ, ಹೋಗಿ ನೋಡಿಕೊಂಡು ಬನ್ನಿ ಎಂದೆ.

ಕಂಪನಿಯ ವಕೀಲರು ಬೆಳಗಾವಿಯಿಂದ ಬರುತ್ತಿದ್ದ ಹಿರಿಯರು. ನಮ್ಮ ಕಡೆಯವರೇ, ಮಾತು ಬೆಲ್ಲ. ನಮ್ಮ ವಕೀಲರು ಕಾಡಿ ಬೇಡಿ ಹಡಗಿನ ಔಷಧಿ ಪೆಟ್ಟಿಗೆಯ ಪುಸ್ತಕವನ್ನು ಕೋರ್ಟಿಗೆ ತರಿಸಿದ್ದರು. ಅದರಲ್ಲಿ ನಲವತ್ತು ದಿನವೂ ಫಿಟ್ಟರ್‌ಗೆ ನೋವಿನ ಗುಳಿಗೆ ಎಂದು ಬರೆದಿತ್ತು. ಆ ಹಿರಿಯರು ಅದನ್ನು ನೋಡಿ ನಕ್ಕು, ತಲೆಶೂಲೆಗೂ ಜನ ಗುಳಿಗೆ ನುಂಗುತ್ತಾರೆ ಎಂದು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಗಂಡ ಕಟಕಟೆ ಹತ್ತಿದರು. ಅವಘಡದ ಮಾತನ್ನೆಲ್ಲ ನಮ್ಮ ವಕೀಲರು ಮೊದಲೇ ಕಾಗದದಲ್ಲಿ ಬರೆದು ಕೊಟ್ಟಾಗಿತ್ತು. ಇನ್ನು ಎದುರಿನವರ ಪ್ರಶ್ನೆಗೆ ಉತ್ತರ ಕೊಡುವುದಷ್ಟೇ. ಹಿರಿಯರು ಕಾಗದ ಹಿಡಿಯಲಿಲ್ಲ, ದನಿ ಏರಿಸಲಿಲ್ಲ. ಬೀಗರ ಮನೆಗೆ ಬಂದವರಂತೆ ಮುಗುಳ್ನಕ್ಕರು.

“ಹೆಂಗದೀರಿ? ಆರಾಮ?”

“ಹೂಂನ್ರಿ, ಆರಾಮ ಅದೇನಿ” ಎಂದರು ನನ್ನ ಗಂಡ.

ಸಾಕ್ಷಿದಾರರು ತಾವು ಆರಾಮವಾಗಿರುವುದಾಗಿ ಹೇಳಿದ್ದಾರೆ, ಬರೆದುಕೊಳ್ಳಬೇಕು ಎಂದು ಅವರು ನ್ಯಾಯಾಧೀಶರಿಗೆ ಕೈ ಮುಗಿದು ಕೂತುಬಿಟ್ಟರು. ಟೈಪು ಮಾಡುವ ಸದ್ದು ಕೇಳಿಸಿತು. ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಕಟಕಟೆಯಲ್ಲಿ ನಿಂತವರಿಗೆ ತಾವೇನು ಮಾಡಿದೆವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದಾಗ ಅವರ ಮುಖ ನೋಡಿ, ಬೈಯಬೇಕೆಂದು ಎದ್ದವಳು ಕೂತುಬಿಟ್ಟೆ.

ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಹಿರಿಯರು ಕೇಳಿದರು, ಬಾಯಿ ತಾನಾಗೇ ಅಂದಿತು ಎಂದು ಒಂದೇ ಮಾತನ್ನು ನನ್ನ ಗಂಡ ಹತ್ತು ಸಲ ಹೇಳಿದರು. ಜೊತೆಗೆ ಇನ್ನೊಂದು ಮಾತೂ ಹೊರಗೆ ಬಂತು. ಕೋರ್ಟಿನಲ್ಲಿ ಮನೋಳಿಯ ಒಬ್ಬರು ಕೂತಿದ್ದರಂತೆ, ಯಾವುದೋ ಹೊಲದ ವ್ಯಾಜ್ಯಕ್ಕೆ ಬಂದವರು. ಇವರು ಅಲ್ಲಿ ಆರಾಮ ಇಲ್ಲ ಎಂದಿದ್ದರೆ ಸಂಜೆಯೊಳಗೆ ಅವ್ವನಿಗೆ ಸುದ್ದಿ ಮುಟ್ಟುತ್ತಿತ್ತು. ಆಗ ನನಗೆ ಅರ್ಥವಾಯಿತು, ನಾನು ಹೋರಾಡುತ್ತಿದ್ದದ್ದು ಕಂಪನಿಯ ಜೊತೆಗಷ್ಟೇ ಅಲ್ಲ, ಅಂಗೈ ಮೇಲೆ ಅಂಗೈ ಇಟ್ಟ ಆ ಮಾತಿನ ಜೊತೆಗೂ. ಕಂಪನಿಯೇ ಸಸಾರ ಅನಿಸಿತು.

ಮುಂದಿನ ಸಾಕ್ಷಿ ನಾನು. ಆ ಬೆಳಗ್ಗೆ ಕೋರ್ಟಿನ ಬಾಗಿಲಿಗೆ ಬರುವಾಗ ಎದುರಿಗೆ ಕಂಪನಿಯ ವಕೀಲರು ಸಿಕ್ಕರು. ಬಚ್ಚಲಿನಲ್ಲಿ ಜಾರಿ ಬಿದ್ದು ಎಡಗಾಲಿಗೆ ಮೊಣಕಾಲ ತನಕ ಪ್ಲಾಸ್ಟರ್. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗುಮಾಸ್ತರ ಹೆಗಲ ಮೇಲೆ. ವೈರಿಯಾದರೂ ವಯಸ್ಸಾದವರಲ್ಲವೇ, ನನ್ನ ಬಾಯಿಯೂ ತಾನಾಗೇ ಕೇಳಿತು, ಆರಾಮ ಏನ್ರಿ ಎಂದು. ಅವರು ಕುಂಟುತ್ತಲೇ ಆರಾಮ ರೀ ಆರಾಮ ಎಂದು ಒಳಗೆ ಹೋದರು. ನಾನು ಬಾಗಿಲಿನಲ್ಲೇ ನಿಂತೆ. ತಲೆಯೊಳಗೆ ಏನೋ ಠಣ್ ಎಂದಿತು.

ಮೊದಲು ಅಳತೆ ಪುಸ್ತಕದ ವಿಷಯ ಬಂತು. ನಮ್ಮ ವಕೀಲರು ಅದನ್ನು ನ್ಯಾಯಾಧೀಶರ ಮುಂದಿಟ್ಟರು. ಬಂದ ಮರುದಿನದ ತಾರೀಖು, ಬಲದ ತೋಳು, ಎಡದ ತೋಳು. ಅದಕ್ಕೂ ಮೊದಲಿನ ಪುಸ್ತಕದಲ್ಲಿ, ಹಡಗು ಹತ್ತುವ ಮುನ್ನಿನ ಅಳತೆ. ಒಂದೇ ದಿನದಲ್ಲಿ ತೋಳು ಇಂಚಿಗಿಂತ ಹೆಚ್ಚು ಸೊರಗುವುದಿಲ್ಲ, ಅದಕ್ಕೆ ವಾರಗಟ್ಟಲೆ ಬೇಕು ಎಂದು ಡಾಕ್ಟರು ಬರೆದುಕೊಟ್ಟ ಕಾಗದವೂ ಇತ್ತು. ಹಿರಿಯರು ಎದ್ದು, ಇದನ್ನು ನೀವು ಆಮೇಲೆ ಸೇರಿಸಿ ಬರೆದದ್ದಲ್ಲವೇ ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಎರಡು ವರ್ಷದಿಂದ ಕಾಯುತ್ತಿದ್ದೆ. ಹಾಳೆಯ ಗುಂಡುಸೂಜಿಯನ್ನು ನೋಡಿ ಎಂದೆ. ಎರಡು ಮಳೆಗಾಲ ಕಂಡ ಸೂಜಿ ತುಕ್ಕು ಹಿಡಿದಿತ್ತು. ತುಕ್ಕಿನ ಕಂದು ಕಲೆ ಎದುರಿನ ಹಾಳೆಗೂ ಹತ್ತಿ, ಅಲ್ಲಿದ್ದ ಸಿರಸಂಗಿಯ ಟೀಚರೊಬ್ಬರ ಬ್ಲೌಸಿನ ಅಳತೆಯ ಮೇಲೆ ಕೂತಿತ್ತು. ಆ ಬ್ಲೌಸಿನ ಕೆಳಗೆ ಇನ್ನೊಬ್ಬರದ್ದು, ಅದರ ಕೆಳಗೆ ಮತ್ತೊಬ್ಬರದ್ದು, ಸಾಲಿಗೆ ಸಾಲು ತುಂಬಿತ್ತು. ನಡುವೆ ನುಸುಳಲು ಇರುವೆಗೂ ಜಾಗವಿರಲಿಲ್ಲ. ನ್ಯಾಯಾಧೀಶರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಹೊಲಿಗೆಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಹಿರಿಯರಿಗೆ ಅದು ಹಿಡಿಸಲಿಲ್ಲ. ದಾರಿ ಬದಲಿಸಿದರು. ಹಡಗಿನಲ್ಲಿದ್ದಾಗ ಗಂಡ ದಿನಾ ಫೋನ್ ಮಾಡುತ್ತಿದ್ದರೇ? ಸಿಗ್ನಲ್ ಸಿಕ್ಕಾಗ ಮಾಡುತ್ತಿದ್ದರು ಎಂದೆ. ಗಾಯವಾಯಿತೆಂದು ಒಮ್ಮೆಯಾದರೂ ಹೇಳಿದ್ದರೇ? ಇಲ್ಲ ಎಂದೆ. ಮತ್ತೆ ಏನು ಹೇಳುತ್ತಿದ್ದರು? ಆರಾಮ ಎನ್ನುತ್ತಿದ್ದರು. ಹಡಗಿನಲ್ಲಿ ಆರಾಮ, ಇಳಿಯುವಾಗ ಆರಾಮ, ಮೊನ್ನೆ ಇದೇ ಕೋರ್ಟಿನಲ್ಲಿ ಆರಾಮ. ಇಷ್ಟು ಸಲ ಆರಾಮ ಎಂದವರಿಗೆ ಗಾಯವಾಗಿತ್ತೆಂದು ನಾವು ಹೇಗೆ ನಂಬುವುದು ಎಂದು ಬಲು ಮೃದುವಾಗಿ ಕೇಳಿದರು.

ನಾನು ಅವರ ಮುಖ ನೋಡಲಿಲ್ಲ, ಕಾಲು ನೋಡಿದೆ.

“ಮುಂಜಾನಿ ಬಾಗಲ್ದಾಗ ಆರಾಮ ಏನ್ರಿ ಅಂತ ನಾ ನಿಮ್ಮನ್ನ ಕೇಳಿದೆ. ನೀವು ಆರಾಮ ಅಂದ್ರಿ. ಹಂಗಾರ ನಿಮ್ಮ ಕಾಲು ಮುರದಿಲ್ಲೇನ್ರಿ?”

ಹಿಂದಿನ ಬೆಂಚಿನಿಂದ ಶುರುವಾದ ನಗು ಕಾರಕೂನರ ತನಕ ಬಂತು. ನ್ಯಾಯಾಧೀಶರು ಮೇಜು ತಟ್ಟಿ, ಕೇಳಿದ್ದಕ್ಕೆ ಉತ್ತರವಷ್ಟೇ ಹೇಳಬೇಕು ಎಂದು ನನ್ನನ್ನು ಗದರಿದರು. ಆದರೆ ಅವರ ಕಣ್ಣೂ ಆ ಪ್ಲಾಸ್ಟರಿನ ಮೇಲೆಯೇ ಇತ್ತು. ಅವರು ಮೈಸೂರು ಕಡೆಯ ಹೆಣ್ಣುಮಗಳು, ಇಲ್ಲಿಗೆ ಬಂದು ಬಹಳ ದಿನವಾಗಿರಲಿಲ್ಲ. ಇಲ್ಲಿ ಈ ಮಾತನ್ನು ಹೀಗೆಯೇ ಬಳಸುತ್ತಾರೆಯೇ ಎಂದು ಎರಡೂ ಕಡೆಯ ವಕೀಲರನ್ನು ಕೇಳಿದರು. ನಮ್ಮವರು ಹೌದೆಂದರು. ಹಿರಿಯರು ತಮ್ಮ ಪ್ಲಾಸ್ಟರಿನ ಕಾಲು ನೋಡಿಕೊಂಡರು. ಅವರು ಸುಳ್ಳು ಹೇಳುವವರಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ತಲೆಯಾಡಿಸಿ, ಹಾಗೆಯೇ ಎಂದು ಒಪ್ಪಿಕೊಂಡರು. ಮತ್ತೆ ನಿಜ ಯಾವಾಗ ಹೇಳುತ್ತಾರೆ ಎಂದು ನ್ಯಾಯಾಧೀಶರು ನನ್ನನ್ನೇ ಕೇಳಿದರು. ಚಹಾ ಆದ ಮೇಲೆ ಎಂದೆ. ಈ ಸಲ ಅವರೂ ನಕ್ಕರು. ನನ್ನ ಉತ್ತರವನ್ನು ಹಾಗೇ ಟೈಪು ಮಾಡಿಸಿದರು.

ಮಧ್ಯಾಹ್ನದ ಬಿಡುವಿನ ನಂತರ ನನ್ನ ಗಂಡನನ್ನು ಮತ್ತೆ ಕರೆಯಿರಿ, ಕೋರ್ಟಿಗೇ ಕೆಲವು ಪ್ರಶ್ನೆಗಳಿವೆ ಎಂದರು ನ್ಯಾಯಾಧೀಶರು. ಇವರು ಕಟಕಟೆ ಹತ್ತಿದರು. ಹಿಂದಿನ ಬೆಂಚಿನಲ್ಲಿ ಮನೋಳಿಯ ಆ ಮನುಷ್ಯ ಅವತ್ತೂ ಕೂತಿದ್ದರು. ಮನೋಳಿಯವರ ಹೊಲದ ವ್ಯಾಜ್ಯಗಳು ಎಂದಾದರೂ ಮುಗಿಯುತ್ತವೆಯೇ.

ನ್ಯಾಯಾಧೀಶರು ಆರಾಮ ಎಂದು ಕೇಳಲಿಲ್ಲ. ಊರು ಯಾವುದು, ಹೊಳೆ ಎಷ್ಟು ದೂರ, ಈಜು ಯಾರು ಕಲಿಸಿದರು ಎಂದು ಕೇಳಿದರು. ಈ ಸಲ ಜೋಳ ಹೇಗಿದೆ ಎಂದರು. ಫಿಟ್ಟರ್ ಕೆಲಸದಲ್ಲಿ ಯಾವುದು ಕಷ್ಟ, ಯಾವುದು ಇಷ್ಟ ಎಂದು ಕೇಳಿದರು. ಇವರು ಮೊದಲು ತಡವರಿಸಿದರು, ಆಮೇಲೆ ಸಲೀಸಾಗಿ ಹೇಳತೊಡಗಿದರು. ಪಂಪಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲೆ ಎಂದಾಗ ಅವರ ಮುಖ ಅರಳಿತು. ಆ ಅರಳಿದ ಮುಖ ನೋಡಿ ಎಷ್ಟು ದಿನವಾಗಿತ್ತು. ಕಂಪನಿಯ ವಕೀಲರು ಆಕ್ಷೇಪಿಸಲು ಎದ್ದವರು, ಕೋಲು ಊರಿಕೊಂಡು ಮತ್ತೆ ಕೂತರು. ಆಗ ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

“ಈಗ ಹೇಳಿ. ಭುಜ ಹೇಗಿದೆ?”

ಇವರು ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ.

“ಆರಾಮ ಇಲ್ರಿ” ಎಂದರು. “ಆ ಮುಚ್ಚಳ ಬಡದ ದಿನದಿಂದ ಆರಾಮ ಇಲ್ಲ. ಹೇಳಿದ್ರ ಮುಂದಿನ ಹಡಗಿಗೆ ಕರಿಯೂದಿಲ್ಲ ಅಂತ ಅಂಜಿಕಿ ಇತ್ತು. ಅದಕ್ಕಿಂತ ದೊಡ್ಡ ಅಂಜಿಕಿ ನಮ್ಮವ್ವಂದು. ಆರಾಮ ಇರತೇನಿ ಅಂತ ಆಕಿಗೆ ಮಾತ ಕೊಟ್ಟಿದ್ದೆ. ಅದಕ್ಕ ಎಲ್ಲಾರಿಗೂ ಅದನ್ನ ಹೇಳಕೋತ ಬಂದೆ. ಇನ್ನ ಹೇಳೂದಿಲ್ರಿ.”

ಅಷ್ಟು ಹೇಳಿ, ಯಾರೂ ಕೇಳದಿದ್ದರೂ, ಬಲಗೈಯನ್ನು ಎತ್ತಿ ತೋರಿಸಿದರು. ಅದು ಭುಜದ ಮಟ್ಟಕ್ಕೆ ಬಂದು ನಿಂತಿತು. ಅಲ್ಲೇ ಹಿಡಿದರು, ಬೆವರು ಒಡೆಯುವ ತನಕ ಹಿಡಿದರು. ನನಗೆ ಅಳು ಬಂತು, ಕಣ್ಣು ಒರೆಸಿಕೊಳ್ಳಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಆ ಮನುಷ್ಯನ ಮೇಲೆ ಮತ್ತೊಮ್ಮೆ ಮನಸ್ಸಾದ ದಿನ ಅದು.

ತೀರ್ಪು ಬಂದ ದಿನ ನಾನು ಇಳಕಲ್ ಸೀರೆ ಉಟ್ಟು ಹೋದೆ. ಸೋತರೂ ಚಂದ ಕಾಣಬೇಕೆಂದು. ಸೋಲಲಿಲ್ಲ. ಗುಳಿಗೆಯ ಪುಸ್ತಕ, ಅಳತೆಯ ಪುಸ್ತಕ, ಡಾಕ್ಟರ ಕಾಗದ, ಕಟಕಟೆಯಲ್ಲಿ ಆಡಿದ ಮಾತು, ಎಲ್ಲವನ್ನೂ ನ್ಯಾಯಾಧೀಶರು ಒಂದೊಂದಾಗಿ ಹೆಸರಿಸಿ ಓದಿದರು. ಗಾಯ ಹಡಗಿನ ಮೇಲೆ, ಕೆಲಸ ಮಾಡುವಾಗಲೇ ಆದದ್ದು, ನೋಟಿಸು ಕೊಡಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ, ಇಳಿಯುವಾಗಿನ ಸಹಿಯೊಂದರಿಂದ ಹರಿದ ಭುಜ ಕೂಡಿಕೊಳ್ಳುವುದಿಲ್ಲ, ಕಂಪನಿ ಪರಿಹಾರವನ್ನು ಬಡ್ಡಿಯ ಸಮೇತ ಕೊಡಬೇಕು. ಕೊಟ್ಟರು ಕೂಡ. ಎಷ್ಟೆಂದು ಕೇಳಬೇಡಿ, ನಮ್ಮ ಓಣಿಯವರಿಗೇ ನಾನು ಹೇಳಿಲ್ಲ. ಆದರೆ ನಾನು ಬೇಡಿದ್ದು ಬೇರೆ ಇತ್ತು, ಅದು ಆ ಕಾಗದದ ಮೂರನೆಯ ಪುಟದಲ್ಲಿದೆ: ಹಡಗಿನ ಮೇಲೆ, ಕೆಲಸ ಮಾಡುವಾಗ. ಆ ಪುಟದ ಝೆರಾಕ್ಸ್ ತೆಗೆಸಿ ಅಂಗಡಿಯ ಗೋಡೆಗೆ, ಬ್ಲೌಸಿನ ಕತ್ತಿನ ನಮೂನೆಗಳ ಪಕ್ಕದಲ್ಲಿ ಹಚ್ಚಿದ್ದೇನೆ.

ಅವತ್ತು ಕೋರ್ಟಿನ ಮೆಟ್ಟಿಲಿನಲ್ಲಿ ಕಂಪನಿಯ ವಕೀಲರು ನಮಗಾಗಿ ನಿಂತಿದ್ದರು. ಪ್ಲಾಸ್ಟರ್ ಬಿಚ್ಚಿದ್ದರು, ಕೋಲು ಇನ್ನೂ ಇತ್ತು. ನನ್ನ ಗಂಡನ ಎಡಗೈ ಹಿಡಿದು ಒಳ್ಳೆಯದಾಗಲಿ ಎಂದರು. ನಾನು ಬಿಡುವವಳೇ? ಹೇಗಿದ್ದೀರಿ ಎಂದು ಕೇಳಿದೆ. ಅವರು ಬಾಯಿ ತೆರೆದವರು ಮುಚ್ಚಿ, ಮತ್ತೆ ತೆರೆದು, ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತದೆ ಎಂದರು. ನನ್ನ ಗಂಡ ಅವರ ಕೋಲು ಇಸಿದುಕೊಂಡು, ತಮ್ಮ ಎಡ ಹೆಗಲು ಕೊಟ್ಟು ಕೆಳಗಿಳಿಸಿದರು.

ಈಗ ನನ್ನ ಅಂಗಡಿಯ ಪಕ್ಕದಲ್ಲೇ ನನ್ನ ಗಂಡನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಹಡಗಿಗೆ ಹೋಗುವ ಗಂಡಸರು ರಾಮದುರ್ಗದಿಂದ, ಸಾಲಹಳ್ಳಿಯಿಂದ ಅವರ ಹತ್ತಿರ ಬುದ್ಧಿ ಕೇಳಲು ಬರುತ್ತಾರೆ. ಅವರು ಮಾತು ಮುಗಿಸಿ ನನ್ನ ಕಡೆ ಕಳಿಸುತ್ತಾರೆ. ನಾನು ಎರಡೂ ತೋಳು, ಎರಡೂ ಭುಜ ಅಳೆದು, ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಬ್ಲೌಸ್ ಅಂಗಡಿಯ ಮುಂದೆ ಮೀಸೆಯವರ ಸಾಲು ನೋಡಿ ಓಣಿಯ ಹೆಂಗಸರು ನಗುತ್ತಾರೆ. ಕಳೆದ ವರ್ಷ ಅವರಲ್ಲೊಬ್ಬರು ನಡು ಸಮುದ್ರದಿಂದ ಫೋನ್ ಮಾಡಿ, ಬೆರಳು ಜಜ್ಜಿದೆ, ಆರಾಮ ಇಲ್ಲ ಎಂದೇ ಹೇಳಿದ್ದೇನೆ, ಹಡಗಿನ ಪುಸ್ತಕದಲ್ಲಿ ಬರೆಸಿದ್ದೇನೆ ಎಂದರು. ನಾವಿಬ್ಬರೂ ಆ ದಿನ ಯಾರದೋ ಬೆರಳು ಜಜ್ಜಿದ್ದಕ್ಕೆ ರವೆಯ ಶಿರಾ ಮಾಡಿಕೊಂಡು ತಿಂದೆವು. ಪಾಪ, ಬೆರಳು ವಾಸಿಯಾಗಿದೆ.

ಆದರೆ ತೀರ್ಪಿನ ದಿನದ ಕಥೆ ಕೋರ್ಟಿನ ಮೆಟ್ಟಿಲಿನಲ್ಲಿ ಮುಗಿಯಲಿಲ್ಲ. ಅಲ್ಲಿಂದ ನಾವು ನೇರ ಮನೋಳಿಯ ಬಸ್ಸು ಹತ್ತಿದೆವು. ಅತ್ತೆ ಅಂಗಳದ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಇನ್ನೂ ಬಿಸಿಲಿತ್ತು. ಮೊರ ಕೆಳಗಿಡದೆ, ತಲೆ ಎತ್ತದೆ, ಎಂದಿನಂತೆ ಆರಾಮ ಏನಪಾ ಎಂದರು.

ಮಗ ಚಪ್ಪಲಿ ಬಿಟ್ಟು ಹೋಗಿ ಅವರ ಪಕ್ಕದಲ್ಲಿ ಕೂತರು.

“ಇಲ್ಲವ್ವ. ಹಡಗಿನ್ಯಾಗ ಭುಜ ಹರೀತು. ನಿನಗ ಸುಳ್ಳ ಹೇಳಿದ್ದೆ.”

ಅತ್ತೆ ಮೊರವನ್ನು ಕೆಳಗಿಟ್ಟರು. ಕೈಗೆ ಹತ್ತಿದ ಹೊಟ್ಟು ಒರೆಸಿಕೊಂಡು, ಮಗನ ಬಲ ಭುಜದ ಮೇಲೆ ಅಂಗೈ ಇಟ್ಟು, ಎಲ್ಲಿ ಹರಿದಿದೆಯೋ ಅಲ್ಲಿಗೇ ಬೆರಳು ಒತ್ತಿದರು.

“ನೀ ಎಡಗೈಲೆ ರೊಟ್ಟಿ ಮುರಿಯಾಕ ಹತ್ತಿದಾಗ ಗೊತ್ತಾತು ನನಗ. ನೀನ ಹೇಳಲಿ ಅಂತ ಕುಂತಿದ್ದೆ” ಎಂದರು. ಆಮೇಲೆ ನನ್ನ ಕಡೆ ನೋಡದೆ ಸೇರಿಸಿದರು, “ನನಗೂ ಆರಾಮ ಇಲ್ಲ. ಎರಡ ವರ್ಷ ಆತು, ಮೊಣಕಾಲ ನಿಲ್ಲಗೊಡವಲ್ವು.”

ನಾನು ಒಳಗೆ ಹೋಗಿ ಚಹಾಕ್ಕೆ ನೀರು ಇಟ್ಟೆ. ಆ ಮನೆಯಲ್ಲಿ ಚಹಾಕ್ಕಿಂತ ಮೊದಲು ನಿಜ ಬಂದದ್ದು ಅದೇ ಮೊದಲು.